ಬೇಗಂ ಬಜಾರಿನಲ್ಲಿ ಅವ್ವನಿಗೆ ಕಂಡದ್ದು

ನಮ್ಮಪ್ಪ ದೇವರಿಗಾಗಿ ಕಾದ ಹಾಗೆ ಯಾರೂ ಯಾವುದಕ್ಕೂ ಕಾದದ್ದನ್ನು ನಾನು ಕಂಡಿಲ್ಲ. ಅಷ್ಟು ಕಾದವನ ಮೇಲೆ ಮಗಳಿಗೆ ಕನಿಕರ ಹುಟ್ಟಬೇಕಿತ್ತು. ಹುಟ್ಟಲಿಲ್ಲ. ಅವನು ಕಾಯುತ್ತಿದ್ದಷ್ಟು ಹೊತ್ತೂ ಮನೆಯಲ್ಲಿ ಉಳಿದ ನಾವಿಬ್ಬರು ಉಸಿರು ಬಿಗಿಹಿಡಿದು ಓಡಾಡಬೇಕಾಗಿತ್ತು. ತಾರ್ನಾಕದ ನಮ್ಮ ಬಾಡಿಗೆ ಮನೆಯಲ್ಲಿ ಇದ್ದದ್ದು ಎರಡು ಕೋಣೆ, ಒಂದು ಅಡುಗೆಮನೆ. ಬೆಳಗಿನ ಜಾವ ಅಪ್ಪ ಮುಂದಿನ ಕೋಣೆಯ ಬರಿ ನೆಲದ ಮೇಲೆ ಮೊಣಕಾಲೂರಿದನೆಂದರೆ ಅವ್ವ ಬಕೆಟ್ಟಿನೊಳಗೆ ಬಟ್ಟೆ ಹಾಕಿ ಅದರ ಮೇಲೆ ನಲ್ಲಿ ಬಿಡುತ್ತಿದ್ದಳು, ನೀರು ಸದ್ದು ಮಾಡಬಾರದೆಂದು. ಕುಕ್ಕರ್ ಸೀಟಿ ಹೊಡೆಯುವಂತಿಲ್ಲ. ನಾನು ಕೆಮ್ಮುವಂತಿಲ್ಲ. ಒಮ್ಮೆ ನನ್ನ ಕೈಯಿಂದ ಸ್ಟೀಲಿನ ತಟ್ಟೆ ಜಾರಿ ಬಿತ್ತು. ಅಪ್ಪ ಎದ್ದು ಬಂದ. ಬೈಯಲಿಲ್ಲ, ಹೊಡೆಯಲಿಲ್ಲ. "ಇವತ್ತು ಬರೋರಿದ್ರು. ನೀ ತಿರುಗಿ ಕಳಿಸಿದಿ," ಎಂದ. ಆಗ ನನಗೆ ಎಂಟೋ ಒಂಬತ್ತೋ ವಯಸ್ಸು. ತಟ್ಟೆ ಬೀಳಿಸಿ ದೇವರನ್ನು ಓಡಿಸಿದ ಹುಡುಗಿ ನಾನು ಎಂದು ನಂಬಿಕೊಂಡೇ ದೊಡ್ಡವಳಾದೆ.

ಅಪ್ಪನ ಊರು ಬೀದರ್ ಜಿಲ್ಲೆಯಲ್ಲಿ. ಮುತ್ತಜ್ಜನ ಕಾಲದಿಂದಲೂ ನಾವು ಕ್ರೈಸ್ತರು. ಹೈದರಾಬಾದಿನಲ್ಲಿ ರಕ್ಷಣಾ ಇಲಾಖೆಯ ಒಂದು ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಅವನಿಗೆ ಕೆಲಸ. ಎರಕ ಹೊಯ್ದ ಲೋಹದ ಭಾಗಗಳು ಅವನ ಮೇಜಿಗೆ ಬರುತ್ತಿದ್ದವು. ಬರಿಗಣ್ಣಿಗೆ ಕಾಣದ ಬಿರುಕು ಅವುಗಳಲ್ಲಿ ಇದೆಯೇ ಎಂದು ಅವನು ಹುಡುಕಬೇಕು. ಕೆಂಪು ದ್ರವ ಬಳಿದು, ಒರೆಸಿ, ಮೇಲೆ ಬಿಳಿ ಪುಡಿ ಹಾಕಿದರೆ ಬಿರುಕಿದ್ದಲ್ಲಿ ಕೆಂಪು ಗೆರೆ ಎದ್ದು ಬರುತ್ತದೆ ಎಂದು ಊಟಕ್ಕೆ ಕೂತಾಗ ನಮಗೆ ವಿವರಿಸುತ್ತಿದ್ದ. ಬಿರುಕು ಸಿಕ್ಕ ದಿನ ಅವನಿಗೆ ಎರಡು ತುತ್ತು ಹೆಚ್ಚು ಸೇರುತ್ತಿತ್ತು. ಒಳ್ಳೆಯ ತಪಾಸಣೆಗಾರ ಎಂದು ಕಾರ್ಖಾನೆಯಲ್ಲಿ ಹೆಸರು ಮಾಡಿದ್ದ. ಒಳ್ಳೆಯ ಗಂಡ, ಒಳ್ಳೆಯ ತಂದೆ ಅನ್ನಿಸಿಕೊಳ್ಳಲು ಅವನು ಅರ್ಜಿಯನ್ನೇ ಹಾಕಿರಲಿಲ್ಲ.

ನಮ್ಮ ಚರ್ಚು ಕೋಠಿಯ ಹತ್ತಿರದ ಹಳೆಯ ಕಲ್ಲಿನ ಕಟ್ಟಡ. ಅದರಲ್ಲಿ ಇಂಗ್ಲಿಷಿನವರು, ತೆಲುಗಿನವರು, ಕನ್ನಡದವರು ಸರದಿಯ ಮೇಲೆ ಆರಾಧನೆ ನಡೆಸುತ್ತಿದ್ದರು. ಕನ್ನಡದವರಲ್ಲೂ ಎರಡು ಬಗೆ. ಅಪ್ಪನಂಥ ಸರ್ಕಾರಿ ಕಾರ್ಖಾನೆಯ ನೌಕರರು ಮುಂದಿನ ಬೆಂಚುಗಳಲ್ಲಿ ಕೂರುತ್ತಿದ್ದರು. ಊರ ಪಶ್ಚಿಮಕ್ಕೆ ಏಳುತ್ತಿದ್ದ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳಿಗೆ ಸಿಮೆಂಟು ಹೊರಲು ಬೀದರ್, ಕಲಬುರ್ಗಿ ಕಡೆಯಿಂದ ಬಂದವರು ಹಿಂದೆ ಚಾಪೆಯ ಮೇಲೆ. ಹೀಗೆ ಕೂರಬೇಕೆಂದು ಯಾರೂ ನಿಯಮ ಮಾಡಿರಲಿಲ್ಲ, ಮಾಡುವ ಅಗತ್ಯವೂ ಬೀಳಲಿಲ್ಲ.

ಅಪ್ಪ ಈ ಸಭೆಯ ಕ್ಲಾಸ್ ಲೀಡರ್. ಅಂದರೆ ಒಂದಷ್ಟು ಮನೆಗಳವರ ಆತ್ಮದ ಯೋಗಕ್ಷೇಮ ನೋಡಿಕೊಳ್ಳುವ ಹಿರಿಯ. ಬುಧವಾರ ಸಂಜೆ ನಮ್ಮ ಮನೆಯಲ್ಲೇ ಪಾಠ ಮಾಡುತ್ತಿದ್ದ. ಪಾಠ ಯಾವಾಗಲೂ ಒಂದೇ. ದೇವರ ಬಳಿಗೆ ಮೂರು ಮೆಟ್ಟಿಲು. ಮೊದಲನೆಯದು ಶುದ್ಧಿ: ಮನುಷ್ಯ ಉಪವಾಸದಿಂದ, ಕಣ್ಣೀರಿನಿಂದ, ಪಶ್ಚಾತ್ತಾಪದಿಂದ ತನ್ನನ್ನು ತೊಳೆದುಕೊಳ್ಳಬೇಕು. ಎರಡನೆಯದು ಬೆಳಕು: ಓದಿನಿಂದ, ತರ್ಕದಿಂದ ಬರುವಂಥದ್ದಲ್ಲ, ದೇವರು ತಾನಾಗಿ ಆತ್ಮದೊಳಗೆ ಹಚ್ಚುವಂಥದ್ದು. ಮೂರನೆಯದು ಐಕ್ಯ. ಅದರ ಮಾತು ಬಂದಾಗ ಅಪ್ಪ ದನಿ ತಗ್ಗಿಸುತ್ತಿದ್ದ. "ನಾ ಇನ್ನೂ ಮೊದಲನೇ ಮೆಟ್ಟಲದಾಗ ಅದೀನಿ," ಎಂದು ತಲೆ ಬಾಗಿಸಿ ಹೇಳುತ್ತಿದ್ದ. ಆ ವಿನಯದ ಬಗ್ಗೆ ಅವನಿಗೆಷ್ಟು ಹೆಮ್ಮೆ ಇತ್ತೆಂದು ನಮಗೆ ಮಾತ್ರ ಗೊತ್ತು. ಅವನು ಹೇಳುವಾಗ ಅವ್ವ ಗೋಡೆಗೊರಗಿ ತೂಕಡಿಸುತ್ತಿದ್ದಳು. ಬೆಳಗಿನಿಂದ ದುಡಿದವಳು, ಪಾಪ, ಇನ್ನೇನು ಮಾಡಿಯಾಳು.

ನಮ್ಮಲ್ಲೊಂದು ಪದ್ಧತಿ ಇತ್ತು. ಯಾರಿಗಾದರೂ ದೇವರ ಅನುಭವವಾದರೆ ಸಭೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳಬಹುದು. ಆದರೆ ಮೊದಲು ಕ್ಲಾಸ್ ಲೀಡರ್ ಮುಂದೆ ಕೂತು ಹೇಳಿಕೊಳ್ಳಬೇಕು. ಅವನು ವಿಚಾರಿಸಿ, ಇದು ದೇವರದೇ ಎಂದು ಒಪ್ಪಿದರೆ ತಿಂಗಳ ಕೊನೆಯ ಭಾನುವಾರ ಅವಕಾಶ. ಅಪ್ಪನ ಕಾಲದಲ್ಲಿ ಆ ಅವಕಾಶ ಪಡೆದವರು ಕಡಿಮೆ. ಜ್ವರದಲ್ಲಿ ದೇವದೂತರ ಹಾಡು ಕೇಳಿಸಿಕೊಂಡವರು, ಕನಸಿನಲ್ಲಿ ಶಿಲುಬೆ ಕಂಡವರು ನಮ್ಮ ಮನೆಯ ಬೆತ್ತದ ಕುರ್ಚಿಯ ಅಂಚಿನಲ್ಲಿ ಕೂತು, ಅರ್ಧ ಗಂಟೆಯಲ್ಲಿ ಬೆವರು ಒರೆಸಿಕೊಳ್ಳುತ್ತಾ ಎದ್ದು ಹೋಗುತ್ತಿದ್ದರು. ಕೂಲಿ ಕೆಲಸದವನೊಬ್ಬ ಸಾರವೆಯ ಮೇಲೆ ನಿಂತಾಗ ಆಕಾಶ ತೆರೆಯಿತೆಂದು ಅಳುತ್ತಾ ಹೇಳಿದ. ಅಪ್ಪ, "ಹಸದ ಹೊಟ್ಟಿಗೆ ಬೇಕಾದ್ದು ಕಾಣತೈತಿ. ಉಂಡು ಬಾ, ಆಮ್ಯಾಲ ನೋಡೂಣು," ಎಂದ. ಆ ಮನುಷ್ಯ ಮತ್ತೆ ಬರಲಿಲ್ಲ. ನಮ್ಮ ಮನೆಗೂ, ಚರ್ಚಿಗೂ.

ನಾನು ಕಾಲೇಜಿನಲ್ಲಿದ್ದಾಗ ಸುಗ್ಗಿ ಹಬ್ಬದ ಊಟದ ಸಾಮಾನು ತರುವ ಕೆಲಸ ಅವ್ವನಿಗೆ ಬಿತ್ತು. ಸುಗ್ಗಿ ಹಬ್ಬವೆಂದರೆ ಬೆಳೆಗಾಗಿ ದೇವರಿಗೆ ವಂದನೆ ಹೇಳುವ ಭಾನುವಾರ. ನಮ್ಮಲ್ಲಿ ಯಾರಿಗೂ ಗೇಣು ಹೊಲ ಇರಲಿಲ್ಲ, ಆದರೂ ಊಟ ಭರ್ಜರಿ. ಅವ್ವ ಬೇಗಂ ಬಜಾರಿಗೆ ಹೊರಟಳು, ನಾನು ಚೀಲ ಹಿಡಿದುಕೊಂಡು ಹಿಂದೆ. ಮಧ್ಯಾಹ್ನದ ಹೊತ್ತು. ಒಣಮೆಣಸಿನಕಾಯಿ ಸಗಟು ಅಂಗಡಿಯ ಮುಂದೆ ನಿಂತರೆ ಕಣ್ಣು ಮೂಗು ಎರಡೂ ಉರಿಯುತ್ತಿದ್ದವು. ಅಂಗಡಿಯವನ ಆಳು ತೂಗುತ್ತಿದ್ದ. ಅವ್ವ ಒಂದು ಚೀಲದ ಮೇಲೆ ಕೂತು ತಕ್ಕಡಿಯನ್ನು ಹದ್ದಿನ ಕಣ್ಣಿಂದ ನೋಡುತ್ತಿದ್ದಳು, ಬಾಯಿಗೆ ಬಿಡುವಿಲ್ಲದೆ ಅವನ ಜೊತೆ ಹಿಂದಿಯಲ್ಲಿ ಜಗಳವಾಡುತ್ತಿದ್ದಳು. ಮಾತಿನ ಮಧ್ಯೆ ಸುಮ್ಮನಾದಳು.

ನಾನು ಸೀನುತ್ತಾ ಅವಳ ಕಡೆ ನೋಡಿದೆ. ಅವ್ವ ಎದುರಿನ ಚೀಲ ನೋಡುತ್ತಿದ್ದಳು. ಆಮೇಲೆ ಬೆನ್ನ ಮೇಲೆ ಮೂಟೆ ಹೊತ್ತು ಹೋಗುತ್ತಿದ್ದ ಹಮಾಲನನ್ನು ನೋಡಿದಳು, ಗೋಣಿತಾಟು ಅಗಿಯುತ್ತಿದ್ದ ಒಂದು ಮೇಕೆಯನ್ನು ನೋಡಿದಳು, ನನ್ನನ್ನು ನೋಡಿದಳು. ನನ್ನನ್ನು ಹುಟ್ಟಿದ ದಿನ ನೋಡಿದ್ದರೆ ಹಾಗೆ ನೋಡಿರಬೇಕು. ತಲೆ ತಿರುಗಿತೇನೋ ಎಂದು ಭುಜ ಹಿಡಿದೆ. "ಏನಿಲ್ಲ, ನಿಂದ್ರು," ಎಂದಳು. ಸ್ವಲ್ಪ ಹೊತ್ತಿನಲ್ಲಿ ಎದ್ದು, ಸೀರೆ ಕೊಡವಿ, ಪಕ್ಕದ ಅಂಗಡಿಗೆ ಹೋಗಿ ಒಣಕೊಬ್ಬರಿ ಚೌಕಾಸಿ ಮಾಡಿದಳು. ಅಂಗಡಿಯವನು ಸೋತು ಕೈಮುಗಿದ. ನಾನು ಅದನ್ನು ಅಷ್ಟಕ್ಕೇ ಮರೆತೆ.

ಕೋಠಿಯಿಂದ ತಾರ್ನಾಕದ ಬಸ್ಸಿನಲ್ಲಿ ಕೂತ ಮೇಲೆ ಅವಳೇ ಹೇಳಿದಳು.

"ಮೆಣಸಿನಕಾಯಿ ಚೀಲ ನೋಡಾಕತ್ತಿದ್ದೆ. ಒಮ್ಮಿಗೇ ಎಲ್ಲಾ ಬೆಳಕಾತು. ಬಿಸಲಿಂದಲ್ಲ, ಒಳಗಿಂದು. ಆ ಚೀಲ, ಆ ಹಮಾಲ, ಆ ಮ್ಯಾಕಿ, ನೀನು, ಎಲ್ಲಾರನ್ನೂ ಯಾರೋ ನೋಡಾಕತ್ತಾರ ಅಂತ ಗೊತ್ತಾತು. ಭಾಳ ಪ್ರೀತಿಲೆ. ಒಬ್ಬರನ್ನೂ ಬಿಡಲಾರದಂಗ."

"ಯಾರು ನೋಡಾಕತ್ತಿದ್ರು?"

"ಮತ್ಯಾರು?" ಎಂದು ನನ್ನನ್ನು ದಡ್ಡಿಯನ್ನು ನೋಡುವಂತೆ ನೋಡಿದಳು.

"ಹೆದರಿಕಿ ಆಗಲಿಲ್ಲೇನು?"

"ನಗು ಬಂತು. ಇಷ್ಟು ದಿನ ಇಲ್ಲೇ ಇತ್ತಲ್ಲಾ ಅಂತ."

ಅವಳು ಅದನ್ನು ಅಪ್ಪನಿಗೆ ಹೇಳದೆ ಇರಬಹುದಿತ್ತು. ನಾನಾಗಿದ್ದರೆ ಸಾಯುವ ತನಕ ಹೇಳುತ್ತಿರಲಿಲ್ಲ. ಆದರೆ ಅವ್ವ ಅಂದು ಸಂತೋಷದಲ್ಲಿದ್ದಳು. ಸಂತೋಷದಲ್ಲಿರುವವರಿಗೆ ಎದುರಿಗಿರುವವರ ಮುಖ ಕಾಣುವುದಿಲ್ಲ. ಊಟಕ್ಕೆ ಬಡಿಸುತ್ತಾ ಬಸ್ಸಿನಲ್ಲಿ ಹೇಳಿದ್ದನ್ನೇ ಹೇಳಿದಳು. ಅಪ್ಪ ತುತ್ತು ಕೈಯಲ್ಲೇ ಹಿಡಿದು ಕೇಳಿದ.

"ಎಲ್ಲಿ?"

"ಬೇಗಂ ಬಜಾರದಾಗ್ರಿ."

"ಮೆಣಸಿನಕಾಯಿ ಅಂಗಡ್ಯಾಗ?"

"ಹೂನ್ರಿ."

ರೇಷನ್ ಅಂಗಡಿಯ ಸಾಲಿನಲ್ಲಿ ಬೆಳಗಿನಿಂದ ಮುಂದೆ ನಿಂತವನ ಕಣ್ಣೆದುರು, ಈಗಷ್ಟೇ ಬಂದು ಹಿಂದೆ ನಿಂತವಳನ್ನು ಹೆಸರು ಹಿಡಿದು ಒಳಗೆ ಕರೆದರೆ ಹೇಗಿರುತ್ತದೋ ಹಾಗಿತ್ತು ಅಪ್ಪನ ಮುಖ. ಅವನು ತಟ್ಟೆಯಲ್ಲೇ ಕೈ ತೊಳೆದ. ಅವನ ಹೊಟ್ಟೆ ಉರಿಯಿತು, ನಾನು ಕಣ್ಣಾರೆ ಕಂಡೆ. ನನಗೆ ಖುಷಿಯಾಯಿತು ಎಂಬುದನ್ನೂ ಹೇಳಿಬಿಡುತ್ತೇನೆ.

ಮುಂದಿನ ವಾರ ಬೆತ್ತದ ಕುರ್ಚಿಯ ಮೇಲೆ ಅವ್ವ ಕೂತಳು. ಎದುರಿಗೆ ಅಪ್ಪ, ಅವನ ಒಂದು ಪಕ್ಕಕ್ಕೆ ನಮ್ಮ ಪಾಸ್ಟರ್, ಇನ್ನೊಂದು ಪಕ್ಕಕ್ಕೆ ಸಭೆಯ ಹಿರಿಯರಾದ ಒಬ್ಬ ನಿವೃತ್ತ ಗುಮಾಸ್ತರು. ಪಾಸ್ಟರ್ ಇನ್ನೂ ಎಳೆಯ ವಯಸ್ಸಿನವರು, ಧಾರವಾಡದ ಕಡೆಯವರು. "ಹೆಂಡ್ತಿನ್ನ ನೀವ ವಿಚಾರಸೂದು ಸರಿ ಕಾಣಂಗಿಲ್ರಿ, ಬ್ಯಾರೆಯವರು ಕೇಳಲಿ," ಎಂದು ಅವರು ಹೇಳಿ ನೋಡಿದರು. ಅಪ್ಪ, "ಮನಿಯವರು ಅಂತ ರಿಯಾಯ್ತಿ ಕೊಡಾಕ ಬರೂದಿಲ್ರಿ," ಎಂದು ಆ ಬಾಗಿಲು ಮುಚ್ಚಿದ. ನಾನು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದೆ.

"ಬೆಳಕು ಯಾವ ದಿಕ್ಕಿನಿಂದ ಬಂತು?"

"ದಿಕ್ಕು ಅಂತ ಇರಲಿಲ್ರಿ. ಎಲ್ಲಾದರೊಳಗೂ ಇತ್ತು."

"ಕರ್ತನ ಮುಖ ಕಂಡಿತೇನು?"

"ಇಲ್ರಿ."

"ಧ್ವನಿ?"

"ಇಲ್ರಿ."

"ಪಾಪದ ಅರಿವಾತೇನು? ಅಳು ಬಂತೇನು?"

"ಪಾಪ ನೆನಪಿಗೇ ಬರಲಿಲ್ರಿ. ನಗು ಬಂತು."

ಗುಮಾಸ್ತರು ಬಾಯಿ ಹಾಕಿದರು. "ಆಮ್ಯಾಲ ಏನ ಮಾಡಿದ್ರಿ ಅಕ್ಕಾರ?"

"ಕೊಬ್ರಿ ಚೌಕಾಸಿ ಮಾಡಿದೆ."

ಗುಮಾಸ್ತರು ಕರವಸ್ತ್ರದೊಳಗೆ ನಕ್ಕರು. ಅಪ್ಪ ನಗಲಿಲ್ಲ. "ದೇವರ ದರ್ಶನ ಆದವರು ಕೊಬ್ರಿ ಚೌಕಾಸಿ ಮಾಡತಾರೇನು?"

"ಊಟ ಸಭಾದ್ದಲ್ಲೇನ್ರಿ. ಅಂಗಡಿಯಾಂವ ಹೇಳಿದಷ್ಟು ಕೊಟ್ಟು ಬರಬೇಕಿತ್ತೇನು?"

ಅಪ್ಪ ತಾಳ್ಮೆಯಿಂದ ಮುಂದುವರಿದ. ಕೆಂಪು ದ್ರವ ಬಳಿಯುವಾಗಲೂ ಅವನು ಇಷ್ಟೇ ತಾಳ್ಮೆಯಿಂದ ಇರುತ್ತಿದ್ದನೆಂದು ಕಾಣುತ್ತದೆ. ಉಪವಾಸ ಮಾಡಿದ್ದೆಯಾ, ಇಲ್ಲ. ಬೆಳಗಿನ ಪ್ರಾರ್ಥನೆ, ಅಡುಗೆ ಮಾಡುತ್ತಾ ಒಂದೆರಡು ಮಾತು. ಬುಧವಾರದ ಪಾಠ, ನಿದ್ದೆ ಬರುತ್ತದೆ. "ಮೊದಲನೇ ಮೆಟ್ಟಲಾನೇ ಹತ್ತಲಾರದಾಕಿ ಎರಡನೇದಕ್ಕ ಹೆಂಗ ಹೋದಿ?" ಎಂದು ಕೇಳಿದ. ಪ್ರಶ್ನೆಯಲ್ಲಿ ಗೆದ್ದೆನೆಂಬ ದನಿ ಇತ್ತು.

"ನಾ ಎಲ್ಲಿ ಹತ್ತೀನ್ರಿ? ಅದ ಇಳದು ಬಂತು."

ಪಾಸ್ಟರ್ ತಲೆ ಎತ್ತಿ ಅವ್ವನನ್ನು ನೋಡಿದರು. "ಇವತ್ತಿಗೆ ಸಾಕ್ರಿ," ಎಂದರು. ಆ ಮನುಷ್ಯನಿಗೆ ಅರ್ಥವಾಗಿತ್ತು. ಅರ್ಥವಾದದ್ದನ್ನು ಹೇಳುವಷ್ಟು ಬೆನ್ನೆಲುಬು ಇರಲಿಲ್ಲ, ಅಷ್ಟೆ.

ಅಪ್ಪ ಅವಳನ್ನು ಕೋಠಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಬಿಪಿ ನೋಡಿಸಿದ, ಸಕ್ಕರೆ ನೋಡಿಸಿದ, ಕಣ್ಣು ನೋಡಿಸಿದ. ಎಲ್ಲ ಸರಿಯಾಗಿತ್ತು. ಬೇರೆ ಗಂಡಸಾಗಿದ್ದರೆ ದೇವರಿಗೆ ವಂದನೆ ಹೇಳುತ್ತಿದ್ದ. ಅಪ್ಪ ಮುಖ ಸಣ್ಣ ಮಾಡಿಕೊಂಡು ಮನೆಗೆ ಬಂದ. ದೇಹದಲ್ಲಿ ಬಿರುಕು ಸಿಗದೆ ಹೋದದ್ದರಿಂದ ಆತ್ಮದಲ್ಲಿ ಹುಡುಕಬೇಕಾಯಿತು. "ಬೆಳಕು ಅಂದಿದ್ದೆಲ್ಲಾ ದೇವರದೇ ಅಲ್ಲ. ಯಾರದೈತಿ ಅಂತ ತಿಳಿಯೂತನಾ ಹುಷಾರಾಗಿರಬೇಕು," ಎಂದು ನನಗೆ ಹೇಳಿದ. ಅವ್ವನಿಗೆ ಹೇಳಲಿಲ್ಲ. ಆ ದಿನದಿಂದ ಅವಳ ಕೈಯ ಅಡುಗೆ ಉಣ್ಣುವುದನ್ನು ಬಿಟ್ಟ.

ಮುಂದಿನ ಕೋಣೆಯಲ್ಲಿ ಒಂದು ಸೀಮೆಎಣ್ಣೆ ಸ್ಟೋವ್ ಇಟ್ಟುಕೊಂಡು ತನ್ನ ಅನ್ನ ತಾನೇ ಬೇಯಿಸಿಕೊಳ್ಳತೊಡಗಿದ. ತಳ ಹತ್ತಿದ ಅನ್ನದ ವಾಸನೆ ಮನೆಯೆಲ್ಲ. ಅವ್ವ ದಿನವೂ ಅವನ ಪಾಲಿನ ರೊಟ್ಟಿ ಬಡಿದು, ಬಟ್ಟೆಯಲ್ಲಿ ಸುತ್ತಿ, ಅವನ ಮುಂದಿಟ್ಟು ಬರುತ್ತಿದ್ದಳು. ಅವನು ಮುಟ್ಟುತ್ತಿರಲಿಲ್ಲ. ಸಂಜೆ ಆ ರೊಟ್ಟಿಯನ್ನು ನಾವಿಬ್ಬರು ತಿನ್ನುತ್ತಿದ್ದೆವು. ಇಷ್ಟಾದರೂ ಅವ್ವ ಕೆಟ್ಟ ಮುಖ ಮಾಡಿರಲಿಲ್ಲ. ಅಕ್ಕಿ ಆರಿಸುವಾಗ, ಬಟ್ಟೆ ಒಗೆಯುವಾಗ ಒಮ್ಮೊಮ್ಮೆ ಕೈ ನಿಲ್ಲಿಸಿ ಹಾಗೇ ನೋಡುತ್ತಾ ಕೂರುತ್ತಿದ್ದಳು. ಅದು ಮತ್ತೆ ಬಂತೆಂದು ನನಗೆ ತಿಳಿಯುತ್ತಿತ್ತು. ಅಪ್ಪನಿಗೂ ತಿಳಿಯುತ್ತಿತ್ತು. ಅವನು ಎದ್ದು ಹೊರಗೆ ಹೋಗುತ್ತಿದ್ದ.

ಸುದ್ದಿ ಚರ್ಚಿನ ಹಿಂದಿನ ಚಾಪೆಗಳ ತನಕ ಹೋಯಿತು. ಅಲ್ಲಿಯ ಹೆಂಗಸರು ಅವ್ವನನ್ನು ಒಂದು ಮಾತೂ ಕೇಳದೆ ನಂಬಿದರು. ಜ್ವರ ಬಂದ ಕೂಸುಗಳನ್ನು ತಂದು ಅವಳ ತೊಡೆಯ ಮೇಲೆ ಮಲಗಿಸಿದರು. "ನಂದೇನೈತವ್ವ, ನಾ ನೋಡಿದ್ದಷ್ಟ," ಎಂದು ಅವಳು ಹೇಳಿದರೂ ಬಿಡಲಿಲ್ಲ. ಅಪ್ಪ ಮುಂದಿನ ಬೆಂಚಿನಿಂದ ಕತ್ತು ತಿರುಗಿಸಿ ಅದನ್ನು ನೋಡಿದ. ಆ ವಾರವೇ ಪಾಸ್ಟರನ್ನು ಕಂಡು ಬಂದ.

ಮುಂದಿನ ಭಾನುವಾರ ಕರ್ತನ ಭೋಜನ. ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಲು ನಾವೆಲ್ಲ ಪೀಠದ ಮುಂದಿನ ಕಟಕಟೆಗೆ ಹೋಗಿ ಸಾಲಾಗಿ ಮೊಣಕಾಲೂರಿದೆವು. ಅವ್ವ ನನ್ನ ಎಡಕ್ಕಿದ್ದಳು. ಅಂಗೈ ಮೇಲೆ ಅಂಗೈ ಇಟ್ಟು ಮುಂದೆ ಚಾಚಿದ್ದಳು. ಪಾಸ್ಟರ್ ತುಣುಕು ಕೊಡುತ್ತಾ ಬಂದರು. ಅವ್ವನ ಮುಂದೆ ಬಂದಾಗ ಅವರ ಕಣ್ಣು ತಟ್ಟೆಯನ್ನು ಬಿಟ್ಟು ಮೇಲೇಳಲಿಲ್ಲ. ಅವಳನ್ನು ದಾಟಿ ನನ್ನ ಕೈಗೆ ಕೊಟ್ಟರು. ನಾನು ತಿಂದೆ. ಅವ್ವನ ಕೈಗಳು ಹಾಗೇ ತೆರೆದಿದ್ದವು. ಸಾಲು ಮುಗಿದು, ಪ್ರಾರ್ಥನೆ ಮುಗಿದು, ಎಲ್ಲರೂ ಎದ್ದ ಮೇಲೂ ತೆರೆದೇ ಇದ್ದವು. ನಾನೇ ಅವನ್ನು ಮುಚ್ಚಿ ಅವಳನ್ನು ಎಬ್ಬಿಸಿದೆ.

ಅವಳು ಅಲ್ಲಿ ಮುರಿದಳು. ಉಣ್ಣದ ಗಂಡನನ್ನು ಸಹಿಸಿಕೊಂಡವಳಿಗೆ ಇದನ್ನು ಸಹಿಸಲಾಗಲಿಲ್ಲ. ತಿಂಗಳ ಕೊನೆಯ ಭಾನುವಾರ ಬಿಳಿ ಸೀರೆ ಉಟ್ಟು ಸಭೆಯ ಮುಂದೆ ನಿಂತಳು. "ನನಗ ಬೇಗಂ ಬಜಾರದಾಗ ಬಿಸಲು ಬಡದಿತ್ತು. ತಿಳೀಲಾರದ ಅದನ್ನ ದೇವರು ಅಂದೆ. ಸಭಾದವರು ಕ್ಷಮಾ ಮಾಡಬೇಕು," ಎಂದಳು. ಒಂದೊಂದು ಮಾತನ್ನೂ ಅಪ್ಪ ಮನೆಯಲ್ಲಿ ಹೇಳಿಕೊಟ್ಟಿದ್ದ. ಮುಂದಿನ ಬೆಂಚುಗಳವರು ಆಮೆನ್ ಎಂದರು. ಎಲ್ಲರಿಗಿಂತ ಗಟ್ಟಿಯಾಗಿ ಅಪ್ಪ. ಚಾಪೆಯ ಹೆಂಗಸರು ಸುಮ್ಮನಿದ್ದರು. ಆ ಮಧ್ಯಾಹ್ನ ಅಪ್ಪ ಅವಳ ಕೈಯ ರೊಟ್ಟಿ ಉಂಡ, ಪಲ್ಯ ಇನ್ನಷ್ಟು ಹಾಕು ಎಂದ. ಅವ್ವ ಹಾಕಿದಳು. ನನಗೆ ಇಬ್ಬರ ಮೇಲೂ ಅಸಹ್ಯವಾಯಿತು.

ಕೆಲವು ದಿನ ಬಿಟ್ಟು ಕೇಳಿದೆ, "ಅವ್ವ, ಅದು ಈಗೂ ಬರತೈತೇನು?"

"ಹೋತು," ಎಂದಳು. "ಅವತ್ತ ಸಭಾದಾಗ ಇಲ್ಲ ಅಂದೆ ನೋಡು, ಅವತ್ತ ಹೋತು. ಒಣಗಿದ ಬಟ್ಟಿ ತಗೊಂಬಾ, ಹೋಗು."

ಅಂದು ನನಗೆ ದೇವರ ಮೇಲೆ ಬಂದ ಸಿಟ್ಟು ಇಷ್ಟು ವರ್ಷವಾದರೂ ಪೂರ್ತಿ ಇಳಿದಿಲ್ಲ. ಗಂಡ, ಪಾಸ್ಟರ್, ಸಭೆ ಎಲ್ಲ ಸೇರಿ ಒಬ್ಬ ಹೆಂಗಸಿನ ಕತ್ತು ಹಿಸುಕಿ ಒಂದು ಸುಳ್ಳು ಹೇಳಿಸಿದರೆ, ಅಷ್ಟಕ್ಕೇ ಕೊಟ್ಟದ್ದನ್ನು ವಾಪಸ್ಸು ತೆಗೆದುಕೊಂಡು ಹೋಗುವಷ್ಟು ಸಣ್ಣ ಮನಸ್ಸೇ ಅವನದು? ನಮ್ಮಪ್ಪನಿಗೆ ತಕ್ಕ ದೇವರು ಎಂದುಕೊಂಡೆ. ಚರ್ಚಿಗೆ ಹೋಗುವುದನ್ನು ಕಡಿಮೆ ಮಾಡಿದೆ.

ಓದು ಮುಗಿದ ಮೇಲೆ ಆ ಗಾಜಿನ ಕಟ್ಟಡಗಳಲ್ಲೇ ಒಂದರಲ್ಲಿ ನನಗೆ ಕೆಲಸ ಸಿಕ್ಕಿತು. ಅಮೆರಿಕದ ಡಾಕ್ಟರರು ರೋಗಿಗಳ ಬಗ್ಗೆ ಮಾತಾಡಿ ಕಳಿಸಿದ್ದನ್ನು ಕಿವಿಗೆ ಹಾಕಿಕೊಂಡು ಟೈಪು ಮಾಡುವ ಕೆಲಸ. ಊರು ನೋಡನೋಡುತ್ತಾ ಉಬ್ಬಿತು. ಅಪ್ಪ ನಿವೃತ್ತನಾದ. ಇಂಗ್ಲಿಷ್ ಆರಾಧನೆಗೆ ಜನ ಹೆಚ್ಚಾದರೆಂದು ಕನ್ನಡದವರನ್ನು ನಸುಕಿನ ಹೊತ್ತಿಗೆ ದೂಡಿದರು. ಮುಂದಿನ ಬೆಂಚುಗಳಲ್ಲಿ ಹಲ್ಲಿಲ್ಲದವರು ಉಳಿದರು. ನನ್ನ ಆಫೀಸಿನ ಹುಡುಗ ಹುಡುಗಿಯರು ಮಾದಾಪುರದ ಒಂದು ಫಂಕ್ಷನ್ ಹಾಲಿನಲ್ಲಿ ನಡೆಯುವ ಹೊಸ ಚರ್ಚಿಗೆ ಹೋಗುತ್ತಿದ್ದರು. ಅಲ್ಲಿ ಗಿಟಾರು, ಡ್ರಮ್ಮು, ಆಳೆತ್ತರದ ಸ್ಪೀಕರು. ಪ್ರತಿ ವಾರವೂ ಪ್ರತಿಯೊಬ್ಬರಿಗೂ ದೇವರ ಅನುಭವ. ಅಪ್ಪ ಅದನ್ನು ಸರ್ಕಸ್ಸು ಎನ್ನುತ್ತಿದ್ದ. ಒಂದು ಶನಿವಾರ ನನ್ನ ಹತ್ತಿರ ಬಂದು, ಅವ್ವನಿಗೆ ಕೇಳಿಸದಂತೆ, "ನಾಳೆ ನನ್ನ ಅಲ್ಲಿ ಕರಕೊಂಡು ಹೋಗ್ತೀ ಏನು?" ಎಂದ.

ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದ. ಹಾಲಿನ ತುಂಬ ಇಪ್ಪತ್ತೈದರ ಒಳಗಿನವರು, ಭಾನುವಾರವೂ ಕೊರಳಲ್ಲಿ ಕಂಪನಿಯ ಕಾರ್ಡು. ಹಾಡು ಮುಗಿದ ಮೇಲೆ ಬೋಧಕ ವೇದಿಕೆ ಇಳಿದು ಬಂದು ಸಾಲಾಗಿ ನಿಂತವರ ಹಣೆಯ ಮೇಲೆ ಕೈಯಿಟ್ಟ. ಇಟ್ಟ ಕೂಡಲೇ ಒಬ್ಬೊಬ್ಬರೂ ಹಿಂದಕ್ಕೆ ಬೀಳುತ್ತಿದ್ದರು. ಹಿಡಿದು ಮಲಗಿಸಲು ಹಿಂದೆ ಇಬ್ಬರು. ಅಪ್ಪ ಸಾಲಿನಲ್ಲಿ ನಿಂತ. ಬೋಧಕ ಕೈಯಿಟ್ಟ, ಅಪ್ಪ ಬೀಳಲಿಲ್ಲ. ಬೋಧಕ ಕಣ್ಣು ಮುಚ್ಚಿ ಇನ್ನಷ್ಟು ಗಟ್ಟಿಯಾಗಿ ಪ್ರಾರ್ಥಿಸಿ ಒತ್ತಿದ, ಬೀಳಲಿಲ್ಲ. ಕೊನೆಗೆ ಅಂಗೈಯಿಂದ ನೂಕಿಯೇ ಬಿಟ್ಟ. ಅಪ್ಪ ಒಂದು ಹೆಜ್ಜೆ ಹಿಂದಿಟ್ಟು ಸಾವರಿಸಿಕೊಂಡು ಮತ್ತೆ ನೆಟ್ಟಗೆ ನಿಂತ. ಹಿಂದೆ ಹಿಡಿಯಲು ನಿಂತಿದ್ದ ಇಬ್ಬರು ಮುಸಿಮುಸಿ ನಕ್ಕರು. ಬೋಧಕ ಪಕ್ಕದವರಿಗೆ ಕೈಯಿಟ್ಟ.

ವಾಪಸ್ಸು ಬರುವಾಗ ಆಟೋದಲ್ಲಿ ಅಪ್ಪ, "ಬೀಳಬಹುದಿತ್ತು. ಬಿದ್ದಿದ್ರ ಸುಳ್ಳಾಗತಿತ್ತು," ಎಂದ. ಆ ಒಂದು ಗಳಿಗೆ ನಾನು ಅವನನ್ನು ಗೌರವಿಸಿದೆ. ಗೌರವ ಮನೆ ತಲುಪುವ ತನಕವೂ ಬಾಳಲಿಲ್ಲ. ಅಡುಗೆಮನೆಯಲ್ಲಿ ನಿಂತು, ಬೋಧಕ ನೂಕಿದ್ದನ್ನೂ ಅಪ್ಪ ಕಂಬದಂತೆ ನಿಂತದ್ದನ್ನೂ ಅವ್ವನಿಗೆ ಅಭಿನಯಿಸಿ ತೋರಿಸಿದೆ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮುಂದಿನ ಕೋಣೆಯಲ್ಲಿ ಅಪ್ಪ ಇದ್ದ. ನಮ್ಮ ಮನೆಯಲ್ಲಿ ನೀರು ಬಿಟ್ಟರೂ ಕೇಳಿಸುತ್ತಿತ್ತು.

ಅದಾದ ಮರುವರ್ಷ ಅಪ್ಪನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಹೋದವು, ಬಾಯಿ ಒಂದು ಕಡೆಗೆ ವಾಲಿತು. ಆಸ್ಪತ್ರೆಯಲ್ಲಿ ಕಿಟಕಿಯ ಪಕ್ಕದ ಮಂಚ. ಅವ್ವ ಹಗಲೆಲ್ಲ ಅಲ್ಲೇ ಇರುತ್ತಿದ್ದಳು. ಮೈ ಒರೆಸುತ್ತಿದ್ದಳು, ಗಂಜಿ ಕುಡಿಸುತ್ತಿದ್ದಳು, ಮಗ್ಗುಲು ಬದಲಿಸುತ್ತಿದ್ದಳು. ಯಾವುದರಲ್ಲೂ ಕೊರತೆ ಮಾಡಲಿಲ್ಲ. ಕೆಲಸ ಮುಗಿದ ಮೇಲೆ ಸ್ಟೂಲನ್ನು ಕಿಟಕಿಯ ಕಡೆ ತಿರುಗಿಸಿಕೊಂಡು, ಅವನಿಗೆ ಬೆನ್ನು ಹಾಕಿ ಕೂರುತ್ತಿದ್ದಳು. ಕಿಟಕಿಯಾಚೆ ನೋಡುವಂಥದ್ದೇನೂ ಇರಲಿಲ್ಲ, ಜನರೇಟರ್ ಮನೆಯ ಗೋಡೆ.

ಒಂದು ಮಧ್ಯಾಹ್ನ ನಾನೂ ಇದ್ದೆ. ಅಪ್ಪ ಎಡಗೈಯಿಂದ ಅವಳ ಸೆರಗು ಹಿಡಿದು ಎಳೆದ. ಮಾತು ತೊದಲುತ್ತಿತ್ತು, ಆದರೆ ಅರ್ಥವಾಗುತ್ತಿತ್ತು.

"ಅವತ್ತ... ನಿನಗ ಕಂಡಿದ್ದು... ಹೆಂಗಿತ್ತು ಹೇಳು."

ಅವ್ವ ತಿರುಗಲಿಲ್ಲ.

"ನನಗ ಬರಲಿಲ್ಲ. ಇನ್ನ ಬರಂಗಿಲ್ಲ. ನಿನಗ ಬಂದಿತ್ತಲ್ಲಾ. ನಿಜಾ ಇತ್ತಲ್ಲಾ? ಹೇಳು. ಕೇಳಿ ಹೋಗತೀನಿ."

ಅವನು ಕೇಳಿದ್ದು ಅಷ್ಟೇ. ಒಂದು ಇಡೀ ಜೀವಮಾನ ಬಾಗಿಲ ಮುಂದೆ ಮೊಣಕಾಲೂರಿದವನಿಗೆ, ಒಳಗೆ ಯಾರೋ ಇದ್ದಾರೆ ಎಂಬ ಒಂದು ಮಾತು ಸಾಕಾಗಿತ್ತು. ಹೇಳಿಬಿಡು ಅವ್ವ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ನನಗ ನೆನಪಿಲ್ರಿ," ಎಂದಳು ಅವ್ವ, ಗೋಡೆ ನೋಡುತ್ತಾ. "ಸಭಾದಾಗ ಎದ್ದು ನಿಂತು ಇಲ್ಲ ಅನ್ನು ಅಂದ್ರಿ, ಅಂದೆ. ಅವತ್ತ ಹೋತು. ನಿಮಗ ಹೇಳಾಕ ನನ್ನ ಹತ್ರ ಏನೂ ಉಳದಿಲ್ಲ."

ಅಪ್ಪ ಸೆರಗು ಬಿಟ್ಟ. ಅತ್ತ. ಬಾಯಿ ವಾಲಿದ್ದರಿಂದ ಅವನು ನಗುತ್ತಿರುವಂತೆ ಕಾಣುತ್ತಿತ್ತು. ಗ್ಲುಕೋಸ್ ಬದಲಿಸಲು ಬಂದ ನರ್ಸ್, "ಇವತ್ತು ತಾತ ಗೆಲುವಾಗಿದ್ದಾರೆ," ಎಂದು ತೆಲುಗಿನಲ್ಲಿ ಹೇಳಿ ಹೋದಳು. ಆ ವಾರ ಮುಗಿಯುವುದರೊಳಗೆ ಅಪ್ಪ ತೀರಿಕೊಂಡ. ಸಮಾಧಿಯ ಹತ್ತಿರ ಪಾಸ್ಟರ್, ಇವರು ಈಗ ಆ ಬೆಳಕನ್ನು ಕಣ್ಣಾರೆ ಕಾಣುತ್ತಿದ್ದಾರೆ ಎಂದರು. ಅವ್ವ ಮಣ್ಣು ಹಾಕಿ ಕೈ ಕೊಡವಿಕೊಂಡಳು.

ತಿಂಗಳಾದ ಮೇಲೆ ಒಂದು ದಿನ ನಾವಿಬ್ಬರು ಹಿತ್ತಿಲ ಬಾಗಿಲಲ್ಲಿ ಕೂತು ತೊಗರಿಕಾಯಿ ಸುಲಿಯುತ್ತಿದ್ದೆವು. ಮನೆಯಲ್ಲಿ ಏನು ಬೇಕಾದರೂ ಸದ್ದು ಮಾಡಬಹುದಾಗಿತ್ತು, ಆದರೆ ಹಳೆಯ ಅಭ್ಯಾಸಕ್ಕೆ ಇಬ್ಬರೂ ಮೆಲ್ಲಗೇ ಮಾತಾಡುತ್ತಿದ್ದೆವು. ನಾನು ಹೊಟ್ಟೆಯಲ್ಲಿದ್ದದ್ದನ್ನು ಕಕ್ಕಿದೆ. "ದೇವರು ಭಾಳ ಕೆಟ್ಟಾಂವ ಅವ್ವ. ಅಪ್ಪಗ ಕೊಡಲೇ ಇಲ್ಲ. ನಿನಗ ಕೊಟ್ಟು ಕಸಗೊಂಡ."

"ಯಾರು ಕಸಗೊಂಡ್ರು?" ಎಂದಳು.

"ನೀನಽ ಹೇಳಿದ್ದಿ, ಹೋತು ಅಂತ."

"ಹಂಗಂದೆ. ಅದೆಲ್ಲಿ ಹೋಗತೈತಿ? ಈಗೂ ಐತಿ."

ಇಷ್ಟು ವರ್ಷ ಅವಳಿಗಾಗಿ ದೇವರ ಜೊತೆ ನಾನು ಜಗಳವಾಡಿದ್ದೆ. "ಮತ್ತ ನನಗ್ಯಾಕ ಸುಳ್ಳು ಹೇಳಿದಿ?"

"ನಿನಗ ಹೇಳಿದ್ರ ಅವರಿಗೆ ತಿಳೀತಿತ್ತು. ಸಿಟ್ಟಿನ್ಯಾಗ ನೀ ಒಂದಿನ ಅಂದಬಿಡ್ತಿದ್ದಿ."

"ಸಾಯೂ ಮನುಷ್ಯಾ ಸೆರಗು ಹಿಡದು ಕೇಳಿದ್ನಲ್ಲ ಅವ್ವ. ಹೌದು ಅಂದಿದ್ರ ಸಾಕಿತ್ತು."

"ಸಾಕಿತ್ತು," ಎಂದಳು. "ಅನ್ನಾಕ ಮನಸ್ಸಾಗಲಿಲ್ಲ."

ಅವಳ ದನಿಯಲ್ಲಿ ಪಶ್ಚಾತ್ತಾಪವಿರಲಿಲ್ಲ, ಸಿಟ್ಟೂ ಇರಲಿಲ್ಲ. ಅಪ್ಪನನ್ನು ನಾನು ಎಷ್ಟೇ ದ್ವೇಷಿಸಿದ್ದರೂ ಇಷ್ಟು ಮಾಡುವ ಶಕ್ತಿ ನನಗಿರಲಿಲ್ಲ. "ದವಾಖಾನ್ಯಾಗೂ ಇತ್ತೇನು ಅದು?" ಎಂದೆ.

"ಇತ್ತು," ಎಂದಳು ಅವ್ವ. "ಮಂಚದ ಮ್ಯಾಲಿತ್ತು, ಆ ಬಾಟ್ಲಿ ಮ್ಯಾಲಿತ್ತು. ಅವರ ಮಾರಿ ಮ್ಯಾಲ ಎಲ್ಲಾದಕ್ಕಿಂತ ಹೆಚ್ಚಿತ್ತು. ಅದಕ್ಕ ನಾ ಕಿಟಕಿ ಕಡೆ ತಿರುಗಿ ಕುಂದ್ರತಿದ್ದೆ."